ಹಿಂದಿನ ಸೀಟಿನಲ್ಲಿ ಕೂತು ಕಾರು ನೋಡಿ

ಹಾಸನ ಸೀಮೆಯಲ್ಲಿ ಕಾರು ಒಬ್ಬರಿಗಾಗಿ ಹೊರಡುವುದು ಕಡಿಮೆ. ಧರ್ಮಸ್ಥಳಕ್ಕೆ ಅಂದರೆ ಅಜ್ಜಿಯಿಂದ ಮೊಮ್ಮಗುವಿನವರೆಗೆ ಏಳು ಜನ. ಅರಕಲಗೂಡಿನ ಮದುವೆಮನೆಗೆ ಅಂದರೆ ಜನದ ಜೊತೆಗೆ ಹಣ್ಣಿನ ತಟ್ಟೆ, ಹೂವಿನ ಬುಟ್ಟಿ, ಸೀರೆಯ ಪೆಟ್ಟಿಗೆ. ಬೆಂಗಳೂರಿನ ಮಗಳ ಮನೆಗೆ ಹೊರಟರಂತೂ ಚನ್ನರಾಯಪಟ್ಟಣದ ತೋಟದ ತೆಂಗಿನಕಾಯಿ, ರಾಗಿ ಹಿಟ್ಟು, ಅಕ್ಕಿ ಮೂಟೆ ಡಿಕ್ಕಿಯಲ್ಲಿ ಇರಲೇಬೇಕು. ಇಂಥ ಪ್ರಯಾಣಕ್ಕೆ ತಕ್ಕ ಕಾರನ್ನು ಯುರೋಪಿನವರು ಬಹಳ ಹಿಂದೆಯೇ ರೂಢಿಸಿಕೊಂಡರು. ಅದೇ ಸ್ಟೇಷನ್ ವ್ಯಾಗನ್. ಸೆಡಾನ್ ಕಾರಿನ ಚಾವಣಿಯನ್ನು ಅದೇ ಎತ್ತರದಲ್ಲಿ ಹಿಂದಿನ ತುದಿಯವರೆಗೂ ಎಳೆದು, ಡಿಕ್ಕಿಯ ಮುಚ್ಚಳದ ಜಾಗದಲ್ಲಿ ಗಾಜಿನ ಸಮೇತ ಮೇಲಕ್ಕೆ ತೆರೆಯುವ ಬಾಗಿಲು ಕೂರಿಸಿದರೆ ವ್ಯಾಗನ್ ಆಯಿತು. ಓಡುವುದು ಕಾರಿನ ಹಾಗೆ, ಹೊರುವುದು ವ್ಯಾನಿನ ಹಾಗೆ.

ನಮ್ಮ ದೇಶದಲ್ಲಿ ಇದು ನೆಲೆ ನಿಲ್ಲಲಿಲ್ಲ. 1992ರಲ್ಲಿ ಟಾಟಾ ಎಸ್ಟೇಟ್ ಬಂತು, ಮುಂದೆ ಮಾರುತಿಯ ಬಲೆನೊ ಆಲ್ಟುರಾ, 2004ರಲ್ಲಿ ಟಾಟಾ ಇಂಡಿಗೊ ಮರೀನಾ. ಐಷಾರಾಮಿ ವರ್ಗದಲ್ಲಿ 2017ರಲ್ಲಿ ವೋಲ್ವೊ ವಿ90 ಕ್ರಾಸ್ ಕಂಟ್ರಿ ಸುಮಾರು 60 ಲಕ್ಷ ರೂಪಾಯಿಗೆ, 2018ರಲ್ಲಿ ಮರ್ಸಿಡಿಸ್ ಇ-ಕ್ಲಾಸ್ ಆಲ್-ಟೆರೇನ್ ಸುಮಾರು 75 ಲಕ್ಷಕ್ಕೆ ಬಂದವು. ಕೊಂಡವರು ಕೆಲವರೇ. ಹಿಂಭಾಗ ಉದ್ದವಿದ್ದ ಕಾರು ನಮ್ಮವರ ಕಣ್ಣಿಗೆ ಆಂಬುಲೆನ್ಸ್ ಥರ ಕಂಡದ್ದೂ ಒಂದು ಕಾರಣ ಎಂದು ನನ್ನ ನಂಬಿಕೆ. ವ್ಯಾಗನ್ ಮಾಡಬೇಕಾದ ಕೆಲಸವನ್ನು ನಮ್ಮಲ್ಲಿ ಬಿಡದಿಯ ಕಾರ್ಖಾನೆಯ ಗಾಡಿಗಳು ಮಾಡಿದವು: 2000ದಲ್ಲಿ ಟೊಯೊಟಾ ಕ್ವಾಲಿಸ್, 2005ರಲ್ಲಿ ಇನ್ನೋವಾ, 2016ರಲ್ಲಿ ಕ್ರಿಸ್ಟಾ, 2022ರ ಕೊನೆಗೆ ಅನಾವರಣಗೊಂಡ ಹೈಕ್ರಾಸ್. ಹಾಸನದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಿಂತ ಹಳದಿ ಬೋರ್ಡಿನ ಇನ್ನೋವಾದಲ್ಲಿ ಒಮ್ಮೆಯಾದರೂ ಕೂರದ ಕುಟುಂಬ ಈ ಸೀಮೆಯಲ್ಲಿ ಸಿಗುವುದು ಕಷ್ಟ.

ಹೀಗಾಗಿ ಐಷಾರಾಮಿ ವ್ಯಾಗನ್‌ನಲ್ಲಿ ಏನೇನು ಸೌಕರ್ಯವಿದೆ, ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದುಕೊಂಡರೆ ಇನ್ನೋವಾ, ಎರ್ಟಿಗಾ, ಸೆಕೆಂಡ್ ಹ್ಯಾಂಡ್ ವೋಲ್ವೊ, ಯಾವುದನ್ನು ಕೊಳ್ಳಲು ಹೋದರೂ ಉಪಯೋಗಕ್ಕೆ ಬರುತ್ತದೆ. ಶೋರೂಮಿನಲ್ಲಿ ನಮ್ಮ ಕಣ್ಣು ಹೋಗುವುದು ಮುಂದಿನ ದೊಡ್ಡ ಪರದೆಯ ಕಡೆಗೆ. ಆದರೆ ಹಣ ಕೊಡುವುದು ಹಿಂದೆ ಕೂರುವ ಐದು ಜನರಿಗಾಗಿ.

ಹತ್ತುವುದು, ಇಳಿಯುವುದು, ಕೂರುವುದು

ಮಂಡಿ ನೋವಿರುವ ಹಿರಿಯರಿಗೆ ಕಾರಿನ ಸೌಕರ್ಯ ಬಾಗಿಲಲ್ಲೇ ತೀರ್ಮಾನವಾಗುತ್ತದೆ. ಸೀಟು ತೀರಾ ಕೆಳಗಿದ್ದರೆ ಏಳುವಾಗ ಇಡೀ ದೇಹದ ಭಾರವನ್ನು ಮಂಡಿ ಎತ್ತಬೇಕು. ತೀರಾ ಮೇಲಿದ್ದರೆ ಹತ್ತುವುದಕ್ಕೇ ಒಂದು ಕಾಲಿನ ಮೇಲೆ ನಿಲ್ಲಬೇಕು. ಬಾಗಿಲು ತೆಗೆದು ಸೀಟಿನ ಅಂಚಿನಲ್ಲಿ ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಂತಿದ್ದು, ತೊಡೆ ಹೆಚ್ಚು ಕಡಿಮೆ ನೆಲಕ್ಕೆ ಸಮನಾಗಿದ್ದರೆ ಅದೇ ಸರಿಯಾದ ಎತ್ತರ. ಕ್ರಾಸ್ ಕಂಟ್ರಿ, ಆಲ್-ಟೆರೇನ್‌ನಂಥ ಎತ್ತರಿಸಿದ ವ್ಯಾಗನ್‌ಗಳು ಸೆಡಾನ್‌ಗಿಂತ ಮೇಲೆ, ದೊಡ್ಡ ಎಸ್‌ಯುವಿಗಿಂತ ಕೆಳಗೆ ಇರುವುದರಿಂದ ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಕ್ರಿಸ್ಟಾದ ಬಾಡಿ ಕೂತಿರುವುದು ಪ್ರತ್ಯೇಕ ಚಾಸಿಯ ಮೇಲೆ. ಹಾಗಾಗಿ ಅದರ ನೆಲವೇ ಎತ್ತರ. ಹೈಕ್ರಾಸ್‌ನಲ್ಲಿ ಚಾಸಿ, ಬಾಡಿ ಎರಡೂ ಒಂದೇ ಆದ್ದರಿಂದ ನೆಲ ಕೆಳಗೆ ಬಂದಿದೆ. ಅಜ್ಜಿಯಂದಿರಿಗೆ ಈ ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ.

ಸೀರೆ ಉಡುವವರು ಇನ್ನೊಂದನ್ನು ನೋಡಬೇಕು. ಬಾಗಿಲ ಕೆಳಗಿನ ಪಟ್ಟಿ ಅಗಲವಾಗಿದ್ದರೆ ಇಳಿಯುವಾಗ ನೆರಿಗೆ ಅದಕ್ಕೆ ಸವರುತ್ತದೆ. ಮಳೆಗಾಲದಲ್ಲಿ ಅರಕಲಗೂಡು ಕಡೆಯ ಕೆಂಪು ಕೆಸರು ಆ ಪಟ್ಟಿಯ ಮೇಲೇ ಕೂತಿರುತ್ತದೆ. ಕೆಲವು ದುಬಾರಿ ಕಾರುಗಳಲ್ಲಿ ಬಾಗಿಲು ಕೆಳಗಿನವರೆಗೂ ಇಳಿದು ಆ ಪಟ್ಟಿಯನ್ನು ಹೊರಗಿನಿಂದ ಮುಚ್ಚುತ್ತದೆ, ಕೆಸರು ಬಾಗಿಲಿಗೆ ಅಂಟಿ ಪಟ್ಟಿ ಒಣಗಿಯೇ ಉಳಿಯುತ್ತದೆ. ಕಂಪನಿಗಳ ಜಾಹೀರಾತಿನಲ್ಲಿ ಇದರ ಮಾತೇ ಬರುವುದಿಲ್ಲ.

ಇನ್ನು ಸೀಟು. ಒಳ್ಳೆಯ ಸೀಟಿನ ಗುಟ್ಟು ಮೆತ್ತಗಿರುವುದರಲ್ಲಿಲ್ಲ. ಮೆತ್ತನೆಯದು ಶೋರೂಮಿನಲ್ಲಿ ಹಿತವೆನಿಸಿ, ಕುಣಿಗಲ್ ದಾಟುವ ಹೊತ್ತಿಗೆ ಸೊಂಟ ಹಿಡಿಸುತ್ತದೆ, ಯಾಕೆಂದರೆ ಭಾರವೆಲ್ಲ ಬೆನ್ನುಮೂಳೆಯ ತುದಿಗೆ ಇಳಿಯುತ್ತದೆ. ತೊಡೆಯ ಮುಕ್ಕಾಲು ಭಾಗಕ್ಕೆ ಆಸರೆ ಸಿಕ್ಕರೆ ಭಾರ ಹಂಚಿಹೋಗುತ್ತದೆ. ಮೂರನೆಯ ಸಾಲಿನಲ್ಲಿ ಹೆಚ್ಚಿನ ಗಾಡಿಗಳು ಸೋಲುವುದು ಇಲ್ಲೇ: ನೆಲ ಎತ್ತರ, ಸೀಟು ತಗ್ಗು, ಮಂಡಿ ಎದೆಯ ಹತ್ತಿರ. ಅಲ್ಲಿ ಐದು ನಿಮಿಷ ಕೂತು ನೋಡಿದರೆ ಸಾಲದು, ಕಾಲು ಗಂಟೆ ಕೂರಿ.

ಕಾಲು ಚಾಚುವ ಒಟ್ಟೊಮನ್ ಸೀಟು ಈಗ ಹೈಕ್ರಾಸ್‌ನ ಮೇಲಿನ ಮಾದರಿಯಲ್ಲೂ ಸಿಗುತ್ತದೆ. ಬಸುರಿಯರಿಗೆ, ಕಾಲು ಊದುವ ಹಿರಿಯರಿಗೆ, ಹೊಳೆನರಸೀಪುರದಿಂದ ಮೈಸೂರಿನ ಆಸ್ಪತ್ರೆಗೆ ಹೋಗಿಬರುವ ರೋಗಿಗಳಿಗೆ ಇದು ನಿಜವಾದ ಉಪಕಾರ. ಒಂದು ಎಚ್ಚರ ಮಾತ್ರ ಬೇಕು. ಬೆನ್ನಿನ ಭಾಗವನ್ನು ಪೂರ್ತಿ ಮಲಗಿಸಿದಾಗ ಸೀಟ್ ಬೆಲ್ಟಿನ ಕೆಳಪಟ್ಟಿ ಸೊಂಟದ ಮೂಳೆ ಬಿಟ್ಟು ಹೊಟ್ಟೆಯ ಮೇಲೆ ಬರುತ್ತದೆ. ಗಾಡಿ ಗಕ್ಕನೆ ನಿಂತರೆ ದೇಹ ಬೆಲ್ಟಿನ ಅಡಿಯಲ್ಲಿ ಮುಂದಕ್ಕೆ ಜಾರಿ, ಪೆಟ್ಟೆಲ್ಲ ಹೊಟ್ಟೆಗೆ ಬೀಳುತ್ತದೆ. ಗಾಡಿ ಓಡುವಾಗ ಬೆನ್ನು ಸ್ವಲ್ಪವೇ ಬಾಗಿರಲಿ, ಕಾಲು ಚಾಚಿರಲಿ. ಪೂರ್ತಿ ಮಲಗುವುದು ಗಾಡಿ ನಿಲ್ಲಿಸಿದಾಗ.

ಪ್ಲೇಟು, ಸ್ಪ್ರಿಂಗು, ಗಾಳಿಚೀಲ

ಬಾಡಿಗೆ ಗಾಡಿ ಓಡಿಸುವವರು ಹೇಳುವ ಒಂದು ಮಾತಿದೆ: ಖಾಲಿ ಇದ್ದಾಗ ಎತ್ತಿ ಹಾಕುತ್ತೆ, ಜನ ತುಂಬಿದರೆ ಮೆತ್ತಗಾಗುತ್ತೆ. ಆ ಮಾತಿನಲ್ಲಿ ಸಸ್ಪೆನ್ಷನ್ನಿನ ವಿಜ್ಞಾನವೆಲ್ಲ ಇದೆ.

ಸ್ಪ್ರಿಂಗಿನ ಮೇಲೆ ಕೂತ ಯಾವುದೇ ಭಾರಕ್ಕೂ ತನ್ನದೇ ಆದ ತೂಗಾಟದ ಲಯವಿರುತ್ತದೆ. ಕಾರಿನಲ್ಲಿ ಅದು ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ಇದ್ದರೆ ಮೈಗೆ ಹಿತ. ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಮೇಲೆ ಕೆಳಗೆ ಅಲುಗುವ ಅಲುಗಾಟವೇ ಮನುಷ್ಯನ ಹೊಟ್ಟೆ, ಬೆನ್ನುಗಳಿಗೆ ಹೆಚ್ಚು ತ್ರಾಸ ಕೊಡುವುದು. ಈ ಲಯ ನಿಂತಿರುವುದು ಸ್ಪ್ರಿಂಗಿನ ಬಿಗಿ ಮತ್ತು ಮೇಲಿನ ಭಾರದ ನಡುವಿನ ಅನುಪಾತದ ಮೇಲೆ. ಉಕ್ಕಿನ ಸ್ಪ್ರಿಂಗಿನ ಬಿಗಿ ಬದಲಾಗುವುದಿಲ್ಲ, ಭಾರ ಮಾತ್ರ ಬದಲಾಗುತ್ತದೆ. ಏಳು ಜನ ಮತ್ತು ಸಾಮಾನು ಹೊತ್ತಾಗ ಹಿಂಭಾಗ ಕುಸಿಯಬಾರದು ಎಂದು ಎಂಜಿನಿಯರು ಬಿಗಿಯಾದ ಸ್ಪ್ರಿಂಗ್ ಹಾಕಿದರೆ, ಇಬ್ಬರೇ ಕೂತ ದಿನ ಪ್ರತಿ ಹಂಪಿನಲ್ಲೂ ಅದು ಒದೆಯುತ್ತದೆ. ಮೆದು ಸ್ಪ್ರಿಂಗ್ ಹಾಕಿದರೆ ತುಂಬಿದ ದಿನ ಹಿಂಭಾಗ ನೆಲಕ್ಕೆ ಬಾಗಿ, ಹೆಡ್‌ಲೈಟು ಆಕಾಶ ನೋಡುತ್ತದೆ. ಹಾಸನ–ಅರಕಲಗೂಡಿನಂಥ ಎರಡು ಪಥದ ರಸ್ತೆಯಲ್ಲಿ ರಾತ್ರಿ ಎದುರಿನವರ ಕಣ್ಣಿಗೆ ಬೆಳಕು ಚುಚ್ಚುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಬಿಡದಿಯ ಗಾಡಿಗಳ ಚರಿತ್ರೆಯನ್ನೇ ನೋಡಿ. ಕ್ವಾಲಿಸ್‌ನ ಹಿಂದಿನ ಚಕ್ರಕ್ಕೆ ಲಾರಿಯ ಹಾಗೆ ಪ್ಲೇಟುಗಳಿದ್ದವು: ಎಷ್ಟು ಹೇರಿದರೂ ಹೊರುತ್ತಿತ್ತು, ಹಿಂದೆ ಕೂತವರನ್ನು ಕುಣಿಸುತ್ತಿತ್ತು. ಇನ್ನೋವಾ ಬಂದಾಗ ಪ್ಲೇಟಿನ ಜಾಗಕ್ಕೆ ಕಾಯಿಲ್ ಸ್ಪ್ರಿಂಗು ಬಂತು. ದೂರದ ಪ್ರಯಾಣಕ್ಕೆ ಜನ ಅದನ್ನೇ ಕೇಳತೊಡಗಿದ್ದಕ್ಕೆ ಅದರ ಹಿಂದಿನ ಸಾಲಿನ ನೆಮ್ಮದಿ ಮುಖ್ಯ ಕಾರಣ.

ಐಷಾರಾಮಿ ವ್ಯಾಗನ್ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಇ-ಕ್ಲಾಸ್ ಆಲ್-ಟೆರೇನ್‌ನಲ್ಲಿ ಉಕ್ಕಿನ ಸ್ಪ್ರಿಂಗಿನ ಬದಲು ರಬ್ಬರಿನ ಗಾಳಿಚೀಲಗಳಿವೆ. ಒಂದು ಸಣ್ಣ ಕಂಪ್ರೆಸರು ಅವಕ್ಕೆ ಗಾಳಿ ತುಂಬುತ್ತದೆ. ಚಕ್ರಗಳ ಬಳಿಯ ಸೆನ್ಸರುಗಳು ಗಾಡಿ ಎಷ್ಟು ಕುಸಿದಿದೆ ಎಂದು ಅಳೆಯುತ್ತಿರುತ್ತವೆ. ಡಿಕ್ಕಿಗೆ ಮೂಟೆ ಹಾಕಿದರೆ ಹಿಂಭಾಗ ಕುಸಿಯುತ್ತದೆ, ಸೆನ್ಸರು ಗುರುತಿಸುತ್ತದೆ, ಗಾಳಿ ಸೇರುತ್ತದೆ, ಗಾಡಿ ಮತ್ತೆ ಮಟ್ಟಕ್ಕೆ ಬರುತ್ತದೆ. ಎತ್ತರ ಸರಿಯಾಗುವುದು ಕಣ್ಣಿಗೆ ಕಾಣುವ ಲಾಭ. ಕಾಣದ ಲಾಭ ಅದಕ್ಕಿಂತ ದೊಡ್ಡದು: ಒಳಗಿನ ಒತ್ತಡ ಹೆಚ್ಚಿದಂತೆ ಗಾಳಿಚೀಲದ ಬಿಗಿಯೂ ಹೆಚ್ಚುತ್ತದೆ. ಭಾರ ಮತ್ತು ಬಿಗಿ ಜೊತೆಜೊತೆಗೆ ಏರುವುದರಿಂದ ತೂಗಾಟದ ಲಯ ಬಹುತೇಕ ಅಷ್ಟೇ ಉಳಿಯುತ್ತದೆ. ಇಬ್ಬರು ಕೂತಾಗಲೂ ಐವರು ಕೂತು ಸಾಮಾನು ಹೇರಿದಾಗಲೂ ಗಾಡಿ ಒಂದೇ ಥರ ತೇಲುತ್ತದೆ.

ಈ ಅನುಭವ ಹಾಸನದವರಿಗೆ ಹೊಸದೂ ಅಲ್ಲ. ಕೆಎಸ್‌ಆರ್‌ಟಿಸಿಯ ಐರಾವತ ವೋಲ್ವೊ ಬಸ್ಸಿನಲ್ಲಿ ಬೆಂಗಳೂರಿಗೋ ಮಂಗಳೂರಿಗೋ ಹೋದವರೆಲ್ಲ ಗಾಳಿಚೀಲದ ಮೇಲೆಯೇ ಪ್ರಯಾಣ ಮಾಡಿದ್ದಾರೆ. ಸ್ಟಾಪಿನಲ್ಲಿ ಬಸ್ಸಿನ ಅಡಿಯಿಂದ ಬರುವ ಬುಸ್ಸೆನ್ನುವ ಸದ್ದಿಗೆ ಈ ಗಾಳಿ ಹೊರಬೀಳುವುದೂ ಒಂದು ಕಾರಣ. ಬಸ್ಸು ಮಾಡುವ ವೋಲ್ವೊ ಮತ್ತು ಕಾರು ಮಾಡುವ ವೋಲ್ವೊ 1999ರಿಂದ ಬೇರೆ ಬೇರೆ ಕಂಪನಿಗಳು. ಕಾರಿನ ಭಾಗ ಮೊದಲು ಫೋರ್ಡ್ ಪಾಲಾಗಿ, 2010ರಿಂದ ಚೀನಾದ ಗೀಲಿಯ ಕೈಯಲ್ಲಿದೆ.

ಹಳೆಯ ಐಷಾರಾಮಿ ಕಾರು ಅಗ್ಗಕ್ಕೆ ಸಿಗುತ್ತದೆ ಎಂದು ಮನಸ್ಸು ಮಾಡುವವರು ಇದನ್ನು ತಿಳಿದಿರಲೇಬೇಕು. ವರ್ಷ ಕಳೆದಂತೆ ಗಾಳಿಚೀಲದ ರಬ್ಬರು ಬಿರುಕು ಬಿಡುತ್ತದೆ. ಸಣ್ಣ ಸೋರಿಕೆ ಇದ್ದರೂ ಕಂಪ್ರೆಸರು ಬಿಡುವಿಲ್ಲದೆ ಓಡಿ ತಾನೂ ಸುಟ್ಟುಹೋಗುತ್ತದೆ. ರಿಪೇರಿಗೆ ಲಕ್ಷದ ಲೆಕ್ಕದಲ್ಲಿ ಹಣ ಬೇಕು, ಗಾಡಿಯನ್ನು ದೊಡ್ಡ ನಗರಕ್ಕೆ ಸಾಗಿಸಬೇಕು. ಕೊಳ್ಳುವ ಮುನ್ನ ಗಾಡಿಯನ್ನು ಒಂದು ರಾತ್ರಿ ಸಮನೆಲದಲ್ಲಿ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ನಾಲ್ಕೂ ಚಕ್ರದ ಮೇಲಿನ ಸಂದನ್ನು ಅಳೆಯಿರಿ. ಒಂದು ಮೂಲೆ ಕುಸಿದಿದ್ದರೆ ಆ ವ್ಯವಹಾರ ಬೇಡ.

ಘಾಟಿಯಲ್ಲಿ ವಾಂತಿ ಯಾಕೆ ಬರುತ್ತದೆ

ಹಾಸನದಿಂದ ಕರಾವಳಿಗೆ ಇಳಿಯಲು ಹೆಚ್ಚಿನವರು ಹಿಡಿಯುವುದು ಶಿರಾಡಿ ಇಲ್ಲವೇ ಚಾರ್ಮಾಡಿ ಘಾಟಿಯನ್ನು. ಎರಡರಲ್ಲೂ ಮಕ್ಕಳ ಹೊಟ್ಟೆ ತೊಳಸುತ್ತದೆ. ಒಳಕಿವಿಯಲ್ಲಿ ಚಲನೆಯನ್ನು ಗುರುತಿಸುವ ಅಂಗವಿದೆ. ಅದು ‘ತಿರುಗುತ್ತಿದ್ದೇವೆ’ ಎನ್ನುತ್ತದೆ, ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಿರುವ ಕಣ್ಣು ‘ಏನೂ ಅಲುಗುತ್ತಿಲ್ಲ’ ಎನ್ನುತ್ತದೆ. ಮಿದುಳಿಗೆ ಎರಡು ಸುದ್ದಿ ತಾಳೆಯಾಗದೆ ಓಕರಿಕೆ ಶುರುವಾಗುತ್ತದೆ. ಮೊಬೈಲ್ ನೋಡುತ್ತಿದ್ದರೆ ಇನ್ನೂ ಬೇಗ. ಮೂರನೆಯ ಸಾಲು ಹಿಂದಿನ ಚಕ್ರದ ಹತ್ತಿರವಿರುವುದರಿಂದ ಅಲ್ಲಿ ಮೇಲೆ ಕೆಳಗಿನ ಕುಲುಕಾಟ ಹೆಚ್ಚು, ಕಿಟಕಿ ಚಿಕ್ಕದು, ರಸ್ತೆ ಕಾಣುವುದಿಲ್ಲ. ಆದರೂ ನಮ್ಮ ಮನೆಗಳಲ್ಲಿ ಮಕ್ಕಳನ್ನೇ ಅಲ್ಲಿಗೆ ಕಳಿಸುತ್ತೇವೆ!

ವಾಂತಿ ಬರುವ ಮಗುವನ್ನು ಎರಡನೆಯ ಸಾಲಿನಲ್ಲಿ, ಮುಂದಿನ ರಸ್ತೆ ಕಾಣುವ ಕಡೆ ಕೂರಿಸಿ. ಎರಡು ಬಿಡಿ ಸೀಟುಗಳ ಮಾದರಿಯಲ್ಲಿ ನಡುವಿನ ಸಂದಿಯಿಂದ ಮೂರನೆಯ ಸಾಲಿಗೂ ಸ್ವಲ್ಪ ರಸ್ತೆ ಕಾಣುತ್ತದೆ. ಬೆಂಚ್ ಸೀಟಿನಲ್ಲಿ ಆ ಅನುಕೂಲವಿಲ್ಲ. ಬೆಂಚ್ ಸೀಟಿಗೆ ಒಬ್ಬರು ಹೆಚ್ಚು ಹಿಡಿಯುತ್ತಾರೆ. ಆಯ್ಕೆ ಮನೆಯ ತಲೆಲೆಕ್ಕಕ್ಕೆ ಬಿಟ್ಟದ್ದು.

ಡಿಕ್ಕಿಯ ಲೆಕ್ಕ

ಡಿಕ್ಕಿಯನ್ನು ಲೀಟರಿನಲ್ಲಿ ಅಳೆಯುತ್ತಾರೆ, ಆದರೆ ನೀರು ತುಂಬಿ ಅಲ್ಲ. ಜರ್ಮನಿಯ ವಾಹನೋದ್ಯಮ ಸಂಘದ ಪದ್ಧತಿಯಲ್ಲಿ 20 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, 5 ಸೆಂ.ಮೀ. ದಪ್ಪದ ಇಟ್ಟಿಗೆಗಳನ್ನು ಜೋಡಿಸುತ್ತಾರೆ. ಒಂದು ಇಟ್ಟಿಗೆ ಒಂದು ಲೀಟರು. ಮೂಲೆಗಳ ಪೊಳ್ಳು ಜಾಗ ಲೆಕ್ಕಕ್ಕೆ ಬಾರದ ಕಾರಣ ಈ ಅಂಕಿ ನಿಜಕ್ಕೆ ಹತ್ತಿರ. ವಿ90 ಕ್ರಾಸ್ ಕಂಟ್ರಿಯಲ್ಲಿ ಐವರು ಕೂತಾಗಲೂ ಹಿಂದೆ 560 ಲೀಟರು ಉಳಿಯುತ್ತದೆ. ಹೈಕ್ರಾಸ್‌ನಲ್ಲಿ ಮೂರೂ ಸಾಲು ಎದ್ದಿದ್ದರೆ 300, ಮೂರನೆಯದನ್ನು ಮಡಚಿದರೆ 991 ಲೀಟರು ಎಂದು ಕಂಪನಿಯ ಲೆಕ್ಕ. ಎಂದರೆ ಏಳು ಜನ ಮತ್ತು ಏಳು ಜನರ ಸಾಮಾನು ಎರಡೂ ಒಟ್ಟಿಗೆ ಹಿಡಿಯುವುದಿಲ್ಲ. ತಿರುಪತಿಗೆ ಹೊರಡುವ ಹಿಂದಿನ ರಾತ್ರಿ ಇದು ಗೊತ್ತಾದರೆ ಕಷ್ಟ.

ಜಾಗಕ್ಕಿಂತ ಮೊದಲು ಮುಗಿಯುವುದು ತೂಕ. 50 ಕೆ.ಜಿ.ಯ ಆಲೂಗೆಡ್ಡೆ ಮೂಟೆ ಸುಮಾರು 75 ಲೀಟರು ಜಾಗ ತಿನ್ನುತ್ತದೆ ಅಂದುಕೊಂಡರೆ 560 ಲೀಟರಿಗೆ ಏಳು ಮೂಟೆ ಹಿಡಿಯುತ್ತದೆ, ಅಂದರೆ 350 ಕೆ.ಜಿ. ಐವರ ತೂಕ ಇನ್ನೊಂದು 350. ಒಟ್ಟು 700. ಇಷ್ಟನ್ನು ಹೊರಲು ಹೆಚ್ಚಿನ ಕಾರುಗಳಿಗೆ ಅನುಮತಿಯಿಲ್ಲ. 500–600ರ ಆಸುಪಾಸಿನಲ್ಲೇ ಮಿತಿ ಮುಗಿಯುತ್ತದೆ. ನಿಮ್ಮ ಕಾರಿನ ಕೈಪಿಡಿಯಲ್ಲಿರುವ ಗರಿಷ್ಠ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ ಕಳೆದರೆ ನಿಮ್ಮ ಮಿತಿ ಸಿಗುತ್ತದೆ. ಡ್ರೈವರ್ ಬಾಗಿಲಿನ ಬಳಿಯ ಸ್ಟಿಕರಿನಲ್ಲಿ ಹೆಚ್ಚಾಗಿ ಟೈರಿನ ಗಾಳಿಗೆ ಎರಡು ಅಂಕಿ ಇರುತ್ತವೆ, ಮಾಮೂಲಿ ದಿನಕ್ಕೊಂದು, ಪೂರ್ತಿ ಭಾರಕ್ಕೊಂದು. ಎರಡನೆಯದನ್ನು ನೋಡುವವರೇ ಕಡಿಮೆ. ಭಾರ ಹೊತ್ತ ದಿನ ಗಾಳಿ ಕಡಿಮೆಯಿದ್ದರೆ ಟೈರು ಬಿಸಿಯಾಗಿ ಸಿಡಿಯುವ ಅಪಾಯವಿದೆ.

ವ್ಯಾಗನ್‌ನ ಡಿಕ್ಕಿಯ ಅಂಚು ನೆಲಕ್ಕೆ ಹತ್ತಿರ, ಎಸ್‌ಯುವಿಯದಕ್ಕಿಂತ ಸಾಮಾನ್ಯವಾಗಿ ಕೆಳಗೆ. ಮೂಟೆ ಎತ್ತಿದ ಸೊಂಟಕ್ಕೆ ಆ ವ್ಯತ್ಯಾಸದ ಬೆಲೆ ತಿಳಿದಿರುತ್ತದೆ. ಅಂಚಿಗೂ ಒಳನೆಲಕ್ಕೂ ಮಟ್ಟ ಒಂದೇ ಇದ್ದರೆ ಮೂಟೆಯನ್ನು ಇಟ್ಟು ತಳ್ಳಬಹುದು, ಒಳಗೆ ಗುಂಡಿಯಿದ್ದರೆ ಇಳಿಸುವಾಗ ಮತ್ತೆ ಎತ್ತಬೇಕು. ಮೇಲಕ್ಕೆ ತೆರೆದ ಬಾಗಿಲು ಸಕಲೇಶಪುರದ ಮಳೆಯಲ್ಲಿ ತಲೆಗೊಂದು ಮಾಡೂ ಆಗುತ್ತದೆ.

ಇಲ್ಲಿ ಸೆಡಾನ್‌ಗೆ ಇಲ್ಲದ ಒಂದು ಅಪಾಯವಿದೆ. ಸೆಡಾನ್‌ನಲ್ಲಿ ಡಿಕ್ಕಿ ಬೇರೆ ಕೋಣೆ. ವ್ಯಾಗನ್‌ನಲ್ಲಿ ಸಾಮಾನೂ ಜನರೂ ಒಂದೇ ಕೋಣೆಯಲ್ಲಿ. ಗಂಟೆಗೆ 50 ಕಿ.ಮೀ. ವೇಗದ ಕಾರು ಮರಕ್ಕೆ ಗುದ್ದಿ, ಮುಂಭಾಗ ನಜ್ಜುಗುಜ್ಜಾಗಿ 60 ಸೆಂ.ಮೀ. ಒಳಗೆ ನಿಂತಿತು ಅನ್ನಿ. ಆ ಕ್ಷಣದಲ್ಲಿ ಒಳಗಿನ ಪ್ರತಿ ವಸ್ತುವನ್ನೂ ತಡೆಯಲು ಅದರ ತೂಕದ ಸರಾಸರಿ ಹದಿನಾರು ಪಟ್ಟು ಬಲ ಬೇಕು. 20 ಕೆ.ಜಿ.ಯ ತೆಂಗಿನಕಾಯಿ ಚೀಲ 320 ಕೆ.ಜಿ.ಯಾಗಿ ಸೀಟಿನ ಬೆನ್ನನ್ನು ಒದೆಯುತ್ತದೆ. ಅದಕ್ಕೇ ಒಳ್ಳೆಯ ವ್ಯಾಗನ್‌ಗಳಲ್ಲಿ ಎರಡನೆಯ ಸಾಲಿನ ಹಿಂದೆ ಚಾವಣಿಯವರೆಗೆ ಎಳೆದು ಕಟ್ಟುವ ಬಲೆ, ನೆಲದಲ್ಲಿ ಹಗ್ಗ ಬಿಗಿಯಲು ಕಬ್ಬಿಣದ ಕೊಂಡಿಗಳಿರುತ್ತವೆ. ಬಲೆ ಇಲ್ಲದ ಗಾಡಿಯಲ್ಲಿ ಭಾರದ್ದನ್ನು ಕೆಳಗೆ, ಸೀಟಿನ ಬೆನ್ನಿಗೆ ಒತ್ತಿ ಇಡಿ. ಸೀಟಿನ ತಲೆಯ ಮಟ್ಟಕ್ಕಿಂತ ಮೇಲೆ ಪೇರಿಸಬೇಡಿ. ಹಿಂದಿನ ಸೀಟು ಖಾಲಿಯಿದ್ದರೆ ಅದರ ಬೆಲ್ಟುಗಳನ್ನು ಹಾಗೇ ಬಿಗಿದುಬಿಡಿ, ಸೀಟಿನ ಬೆನ್ನಿಗೆ ಅಷ್ಟು ಆಸರೆ.

ಬೆಲ್ಟಿನ ಮಾತು ಬಂದದ್ದರಿಂದ: ಎದೆ ಮತ್ತು ಸೊಂಟ ಎರಡನ್ನೂ ಹಿಡಿಯುವ ಇಂದಿನ ಬೆಲ್ಟನ್ನು ವೋಲ್ವೊದ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. 1959ರಲ್ಲಿ ಅದು ಕಾರಿಗೆ ಬಂತು, ಕಂಪನಿ ಅದರ ಪೇಟೆಂಟನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಹಿಂದೆ ಕೂತವರೂ ಅದನ್ನು ಧರಿಸಬೇಕು ಎಂಬುದು ನಮ್ಮ ಕಾನೂನು, ತಪ್ಪಿದರೆ ಸಾವಿರ ರೂಪಾಯಿ ದಂಡ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಕಡ್ಡಾಯ. ತೊಡೆಯ ಮೇಲೆ ಕೂತ ಮಗುವಿಗೂ ಮೇಲಿನ ಹದಿನಾರು ಪಟ್ಟಿನ ಲೆಕ್ಕವೇ ಅನ್ವಯ. ಯಾವ ತಾಯಿಯ ಕೈಗೂ ಅದನ್ನು ತಡೆಯುವ ಶಕ್ತಿಯಿಲ್ಲ. ಹಿಂದಿನ ಸೀಟಿನ ಸಂದಿನಲ್ಲಿರುವ ಐಸೊಫಿಕ್ಸ್ ಕೊಂಡಿಗಳು ಮಕ್ಕಳ ಸೀಟನ್ನು ನೇರವಾಗಿ ಕಾರಿನ ಚೌಕಟ್ಟಿಗೆ ಹಿಡಿಸುತ್ತವೆ. ದಯವಿಟ್ಟು ಬಳಸಿ.

ತಂಪು ಮತ್ತು ಸದ್ದು

ಹಾಸನದ ಹವೆಯಲ್ಲಿ ಎ.ಸಿ. ಇಲ್ಲದೆಯೂ ನಡೆಯುತ್ತದೆ, ಶಿರಾಡಿ ಇಳಿದು ಗುಂಡ್ಯ ತಲುಪಿದರೆ ನಡೆಯುವುದಿಲ್ಲ. ಮುಂದಿನ ಡ್ಯಾಶ್‌ಬೋರ್ಡಿನ ಗಾಳಿ ಮೂರನೆಯ ಸಾಲಿಗೆ ಮುಟ್ಟುವ ಹೊತ್ತಿಗೆ ಬಿಸಿಯಾಗಿರುತ್ತದೆ. ಅದಕ್ಕೇ ಇನ್ನೋವಾದಂಥ ಗಾಡಿಗಳಲ್ಲಿ ಹಿಂದಿನವರಿಗೆ ಚಾವಣಿಯಲ್ಲೇ ಗಾಳಿಕಂಡಿಗಳು. ತಣ್ಣನೆಯ ಗಾಳಿ ಭಾರವಾದ್ದರಿಂದ ಮೇಲಿಂದ ಬಿಟ್ಟರೆ ತಾನೇ ಇಳಿದು ಹರಡುತ್ತದೆ. ಮಂಡಿಯ ಬಳಿ ಬಿಟ್ಟರೆ ಮಂಡಿಯೇ ಅಡ್ಡ. ಮಾಮೂಲಿ ಗಾಡಿಯಲ್ಲಿ ಎ.ಸಿ. ಕಂಪ್ರೆಸರನ್ನು ತಿರುಗಿಸುವುದು ಎಂಜಿನ್, ಆದ್ದರಿಂದ ನಿಂತಲ್ಲಿ ತಂಪು ಕಡಿಮೆ. ಹೈಕ್ರಾಸ್‌ನ ಹೈಬ್ರಿಡ್ ಮಾದರಿಯಲ್ಲಿ ಕಂಪ್ರೆಸರು ಬ್ಯಾಟರಿಯಲ್ಲಿ ಓಡುತ್ತದೆ. ಹಾಸನಾಂಬೆಯ ದರ್ಶನದ ದಿನಗಳಲ್ಲಿ ಹಿರಿಯರು ಕಾರಿನಲ್ಲೇ ಕಾಯುವ ಹೊತ್ತಿಗೆ ಇದರ ಪ್ರಯೋಜನ ತಿಳಿಯುತ್ತದೆ. ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಒತ್ತಿ ಏಳು ಜನ ಗಂಟೆಗಟ್ಟಲೆ ಹೋದರೆ ಉಸಿರಿನ ಇಂಗಾಲದ ಡೈಆಕ್ಸೈಡ್ ಕೂಡಿಕೊಂಡು ಡ್ರೈವರಿಗೆ ತೂಕಡಿಕೆ ಬರುತ್ತದೆ. ಆಗಾಗ ಹೊರಗಿನ ಗಾಳಿ ಬಿಡಿ.

ವ್ಯಾಗನ್‌ನ ಹಿಂದಿನ ಗಾಜಿಗೆ ವೈಪರ್ ಯಾಕೆ? ನೇರವಾಗಿ ಕತ್ತರಿಸಿದಂತಿರುವ ಹಿಂಭಾಗದ ಬೆನ್ನಿಗೆ ಗಾಳಿ ಸುಳಿಯಾಗಿ, ಚಕ್ರ ಎಬ್ಬಿಸಿದ ಧೂಳು, ಕೆಸರನ್ನು ಗಾಜಿಗೆ ಎಳೆದು ತರುತ್ತದೆ. ಡಿಕ್ಕಿ ಬೇರೆ ಕೋಣೆಯಲ್ಲದ ಕಾರಣ ಹಿಂಭಾಗದಿಂದ ಟೈರಿನ ಸದ್ದೂ ಒಳಗೆ ಬರುತ್ತದೆ. ದುಬಾರಿ ವ್ಯಾಗನ್‌ಗಳು ದಪ್ಪ ಕಾರ್ಪೆಟ್, ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟ ಗಾಜು, ಬಾಗಿಲ ಸುತ್ತ ಹೆಚ್ಚುವರಿ ರಬ್ಬರು ಹಾಕಿ ಇದನ್ನು ಅಡಗಿಸುತ್ತವೆ. ಹಿಂದೆ ಕೂತವರು ದನಿ ಎತ್ತದೆ ಮುಂದಿನವರೊಡನೆ ಮಾತಾಡಬಲ್ಲರೇ ಎಂದು ಗಂಟೆಗೆ 80 ಕಿ.ಮೀ. ವೇಗದಲ್ಲಿ ಪರೀಕ್ಷಿಸಿ. ಪನೋರಮಿಕ್ ಸನ್‌ರೂಫ್ ಬಗ್ಗೆ ನನಗೆ ಒಲವಿಲ್ಲ: ತಲೆಯ ಮೇಲಿನ ಜಾಗ ತಿನ್ನುತ್ತದೆ, ಬಿಸಿಲು ತರುತ್ತದೆ. ಆ ಹಣಕ್ಕೆ ಗಾಳಿಯಾಡುವ ಸೀಟು ಸಿಕ್ಕರೆ ಅದನ್ನು ತೆಗೆದುಕೊಳ್ಳಿ. ಸೀಟಿನೊಳಗಿನ ಸಣ್ಣ ಫ್ಯಾನುಗಳು ತೂತುಗಳ ಮೂಲಕ ಗಾಳಿ ಆಡಿಸಿ ಬೆನ್ನಿನ ಬೆವರು ಒಣಗಿಸುತ್ತವೆ.

ಟೆಸ್ಟ್ ಡ್ರೈವ್‌ಗೆ ಮನೆಯವರೆಲ್ಲ ಹೋಗಿ. ಮೂರನೆಯ ಸಾಲನ್ನೂ ತುಂಬಿಸಿ, ಹಂಪುಗಳಿರುವ ಊರೊಳಗಿನ ರಸ್ತೆಗೆ ಒಯ್ಯಿರಿ, ಮನೆಯ ಯಜಮಾನರು ಸ್ಟೇರಿಂಗ್ ಬಿಟ್ಟು ಹಿಂದೆ ಕೂರಲಿ. ತನಗೆ ಹೀಗೆ ಬೇಕು ಎಂದು ಎಂದೂ ಕೇಳದ ಅಜ್ಜಿಯನ್ನು ಕೇಳಿ, ಆಮೇಲೆ ಮುಂಗಡ ಕಟ್ಟಿ.